ಬೆಂಕಿಪೊಟ್ಟಣದಲ್ಲಿ ಬಂದ ಮಳೆಹನಿಗಳು

ಪುನರ್ವಸು ಮಳೆ ಹಿಡಿದು ಇಂದಿಗೆ ನಾಲ್ಕು ದಿನಗಳಾದವು. ನಿನ್ನೆ ಸಂಜೆ ಹೋದ ವಿದ್ಯುತ್ತು ಇಂದು ಮಧ್ಯಾಹ್ನದವರೆಗೂ ಬರಲಿಲ್ಲ. ಪತ್ರಿಕೆ ಹಾಕುವ ಹುಡುಗ ಬರುವಂತಿರಲಿಲ್ಲ, ದೂರದರ್ಶನವಿಲ್ಲ, ದೂರವಾಣಿಯೂ ಉಸಿರೆತ್ತುತ್ತಿರಲಿಲ್ಲ. ಹೀಗಾಗಿ ಬೆಳಿಗ್ಗೆ ಕಾಫಿಯ ಲೋಟ ಹಿಡಿದು ಜಗುಲಿಯಲ್ಲಿ ಕುಳಿತವನಿಗೆ ಅಂಗಳವನ್ನು ನೋಡುವುದರ ಹೊರತು ಬೇರೆ ಕೆಲಸವಿರಲಿಲ್ಲ. ಅಂಥ ಬೆಳಗೊಂದು ಭಾಗ್ಯವೆಂದು ತಿಳಿಯುವುದಕ್ಕೆ ನನಗೆ ಇಷ್ಟು ವಯಸ್ಸಾಗಬೇಕಾಯಿತು.

ಮಳೆ ಒಂದಿಷ್ಟು ಹೊಳವಾಗಿತ್ತು. ಹಂಚಿನ ಸೂರಿನಿಂದ ಮಾತ್ರ ಹನಿಗಳು ಸಾಲಾಗಿ ತೊಟ್ಟಿಕ್ಕುತ್ತಿದ್ದವು. ಅವು ಬಿದ್ದಲ್ಲೆಲ್ಲ ಅಂಗಳದ ಅಂಚಿನುದ್ದಕ್ಕೂ ಪುಟ್ಟ ಪುಟ್ಟ ಗುಳಿಗಳು. ಒಂದೊಂದು ಗುಳಿಯ ತಳದಲ್ಲಿಯೂ ತೊಳೆದಿಟ್ಟಂತಹ ನಾಲ್ಕಾರು ನೊರಜುಗಲ್ಲುಗಳು. ಬಚ್ಚಲಿನ ಹಿಂದಣ ಕೆಸುವಿನ ಎಲೆಗಳ ಮೇಲೆ ನೀರು ಪಾದರಸದಂತೆ ಓಡಾಡುತ್ತಿತ್ತು. ದಾಸವಾಳದ ಗಿಡದಲ್ಲಿ ಜೇಡ ಕಟ್ಟಿದ ಬಲೆಯ ಪ್ರತಿ ಎಳೆಗೂ ಹನಿ ಪೋಣಿಸಿದಂತಿತ್ತು. ತೋಟದಾಚೆಯ ಹಳ್ಳದ ಕಡೆಯಿಂದ ಸಿಳ್ಳಾರ ಹಕ್ಕಿ ರಾಗ ಮರೆತ ಹುಡುಗನಂತೆ ಸಿಳ್ಳು ಹಾಕುತ್ತಿತ್ತು. ಇವು ಯಾವುವೂ ಹೊಸತಲ್ಲ. ನಾನು ಹುಟ್ಟಿದಂದಿನಿಂದ ಪ್ರತಿ ಆಷಾಢದಲ್ಲಿಯೂ ಇದ್ದವು. ಆದರೆ ಇಂದು ಅವುಗಳನ್ನು ನೋಡುತ್ತಿದ್ದಂತೆ ಐವತ್ತು ವರ್ಷಗಳ ಹಿಂದಿನ ಒಂದು ಬೆಂಕಿಪೊಟ್ಟಣ ನೆನಪಾಯಿತು. ಅದರ ಕಥೆಯನ್ನು ಇಲ್ಲಿ ಬರೆಯಬೇಕೆಂದು ಬಹು ದಿನಗಳಿಂದ ಎಣಿಸಿದ್ದೆ; ಬರೆಯಲು ಮನಸ್ಸು ಹಿಂದೇಟು ಹಾಕುತ್ತಿತ್ತು.

ಅದು 1976ರ ಮಳೆಗಾಲ. ಎಂಟನೆಯ ತರಗತಿಗೆ ನಾನು ಇತಿಹಾಸ ಪಾಠ ಮಾಡುತ್ತಿದ್ದೆ. ಅಂದಿನ ಪಾಠ ಮೌರ್ಯರ ಆಡಳಿತ. ಅರ್ಧ ಪಾಠವಾದಾಗ ಒಬ್ಬ ಹುಡುಗ ಕಂಬಳಿಕೊಪ್ಪೆಯಿಂದ ನೀರಿಳಿಸುತ್ತ ಬಾಗಿಲಲ್ಲಿ ಬಂದು ನಿಂತ. ಅವನು ತಡವಾಗಿ ಬರುವುದು ಆ ವಾರದಲ್ಲಿ ಮೂರನೆಯ ಸಲ. ಕಾರಣ ಕೇಳಿದೆ. ಅವನು ಕೊಪ್ಪೆಯ ಒಳಗಿನಿಂದ ಒಂದು ಬೆಂಕಿಪೊಟ್ಟಣವನ್ನು ತೆಗೆದು, “ಸಾರ್, ಮಳೆಹನಿ ತಂದಿದೀನಿ, ನೋಡಿ” ಎಂದ. ತರಗತಿ ಗೊಳ್ಳೆಂದು ನಕ್ಕಿತು. ಪೊಟ್ಟಣದೊಳಗೆ ಇದ್ದದ್ದು ಬೂದಿಯ ಉಂಡೆಗಳು. ಸಾಸಿವೆಯಷ್ಟು ಕೆಲವು, ಮೆಣಸಿನ ಕಾಳಿನಷ್ಟು ಕೆಲವು. ಅವರ ಮನೆಯ ಬಚ್ಚಲೊಲೆಯ ಬೂದಿಯನ್ನು ಗುಡ್ಡೆ ಹಾಕಿದ್ದ ಜಾಗದಲ್ಲಿ ಮಳೆಯ ಹನಿ ಬಿದ್ದು ಉಂಡೆ ಕಟ್ಟಿದ್ದನ್ನು ಅವನು ಆರಿಸಿ ತಂದಿದ್ದ. “ದೊಡ್ಡ ಮಳೇದು ಬೇರೆ, ಸೋನೆ ಮಳೇದು ಬೇರೆ ಸಾರ್” ಎಂದು ಏನನ್ನೋ ವಿವರಿಸಲು ತೊಡಗಿದ. ನಾನು ಕೇಳಲಿಲ್ಲ. ಪೊಟ್ಟಣವನ್ನು ಕಿತ್ತು ಕಿಟಕಿಯಿಂದಾಚೆ ಎಸೆದೆ. ಬೂದಿಯಲ್ಲಿ ಆಡುವವನಿಗೆ ಚಂದ್ರಗುಪ್ತ ಮೌರ್ಯ ಏಕೆ ಬೇಕೆಂದು ಕೇಳಿ, ಪಾಠ ಮುಗಿಯುವವರೆಗೆ ಹೊರಗೆ ನಿಲ್ಲಿಸಿದೆ. ಆ ಕಾಲಕ್ಕೆ ಅದು ಬಲು ಸಣ್ಣ ಶಿಕ್ಷೆ. ಅದನ್ನು ನಾನು ಅಂದೇ ಮರೆತೆ.

ಮತ್ತೆ ನೆನಪಾದದ್ದು ಇಪ್ಪತ್ತೆಂಟು ವರ್ಷಗಳ ಮೇಲೆ. ಅಮೆರಿಕದಲ್ಲಿರುವ ನನ್ನ ಸೋದರಳಿಯ 2004ರಲ್ಲಿ ಊರಿಗೆ ಬಂದಾಗ, ನಿವೃತ್ತನಾದ ಮಾವನಿಗೆ ಹೊತ್ತು ಹೋಗಲೆಂದು ಒಂದು ಪುಸ್ತಕ ತಂದುಕೊಟ್ಟ. ಅದು ವಿಲ್ಸನ್ ಬೆಂಟ್ಲಿ ಎಂಬುವನ ಜೀವನಚರಿತ್ರೆ. ಬರೆದವರು ಡಂಕನ್ ಬ್ಲಾಂಚರ್ಡ್ ಎಂಬ ಮೋಡ, ಮಳೆಗಳ ವಿಜ್ಞಾನಿ, ಪ್ರಕಟವಾದದ್ದು 1998ರಲ್ಲಿ. ಮಳೆ ಸುರಿಯುತ್ತಿದ್ದ ಒಂದು ಬೆಳಿಗ್ಗೆ ಇದೇ ಜಗುಲಿಯಲ್ಲಿ ಕುಳಿತು ಓದುತ್ತಿದ್ದೆ. ಒಂದು ಪುಟಕ್ಕೆ ಬಂದಾಗ ಕೈಯಲ್ಲಿದ್ದ ಪುಸ್ತಕವನ್ನು ಮುಚ್ಚಿ ಬಹಳ ಹೊತ್ತು ಸುಮ್ಮನೆ ಕುಳಿತುಬಿಟ್ಟೆ.

ಈ ಬೆಂಟ್ಲಿ ಅಮೆರಿಕದ ವರ್ಮಾಂಟ್ ಸಂಸ್ಥಾನದ ಜೆರಿಕೊ ಎಂಬ ಹಳ್ಳಿಯವನು. ಹುಟ್ಟಿದ್ದು 1865ರಲ್ಲಿ. ಹಾಲು ಕರೆದು ಬದುಕುವ ಒಕ್ಕಲು ಮನೆತನ. ತಾಯಿ ಮೊದಲು ಶಾಲಾ ಶಿಕ್ಷಕಿಯಾಗಿದ್ದವಳು; ಹದಿನಾಲ್ಕು ವರ್ಷದವರೆಗೆ ಮಗನಿಗೆ ಮನೆಯಲ್ಲಿಯೇ ಪಾಠ ಹೇಳಿದಳು. ತಾನು ಶಾಲೆಯಲ್ಲಿ ಬಳಸುತ್ತಿದ್ದ ಹಳೆಯ ಸೂಕ್ಷ್ಮದರ್ಶಕವನ್ನು ಅವನ ಕೈಗೆ ಕೊಟ್ಟವಳೂ ಅವಳೇ. ಹುಡುಗ ಆ ಕೊಳವೆಯಡಿಯಲ್ಲಿ ಹೂವಿನ ಎಸಳು, ನೀರಿನ ಹನಿ, ಕಲ್ಲಿನ ಚೂರು ಎಲ್ಲವನ್ನೂ ಇಟ್ಟು ನೋಡಿದ. ಕೊನೆಗೆ ಹಿಮದ ಹರಳನ್ನು ನೋಡಿ ಅದಕ್ಕೇ ಸೋತುಹೋದ. ನೋಡುತ್ತಿದ್ದಂತೆಯೇ ಕರಗಿಹೋಗುವ ಅದರ ರೂಪವನ್ನು ಹಿಡಿದಿಡುವುದಕ್ಕಾಗಿ ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ, 1885ರ ಜನವರಿ 15ರಂದು ಒಂದೇ ಒಂದು ಹಿಮಹರಳಿನ ಛಾಯಾಚಿತ್ರ ತೆಗೆದ. ಆಗ ಅವನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಮುಂದೆ ಬದುಕಿನುದ್ದಕ್ಕೂ ಅಂಥ ಐದು ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದ. ಲೋಕ ಅವನನ್ನು ಬಲ್ಲುದು ಆ ಚಿತ್ರಗಳಿಂದಲೇ.

ನನ್ನನ್ನು ತಡೆದು ನಿಲ್ಲಿಸಿದ್ದು ಹಿಮವಲ್ಲ, ಮಳೆ. ಹಿಮ ಬೀಳದ ಬೇಸಗೆಯ ತಿಂಗಳುಗಳಲ್ಲಿ ಬೆಂಟ್ಲಿ ಮಳೆಯ ಹನಿಗಳನ್ನು ಅಳೆಯುತ್ತಿದ್ದ. ಅವನ ಉಪಕರಣ ಒಂದು ತಗಡಿನ ತಟ್ಟೆ ಮತ್ತು ಅಡಿಗೆಮನೆಯ ಗೋಧಿ ಹಿಟ್ಟು. ತಟ್ಟೆಯಲ್ಲಿ ಸುಮಾರು ಒಂದು ಅಂಗುಲ ದಪ್ಪಕ್ಕೆ ನಯವಾದ ಹಿಟ್ಟನ್ನು ಅಮುಕದೆ ಹರಡಿ, ಮಳೆಗೆ ಕೆಲವೇ ಸೆಕೆಂಡುಗಳ ಕಾಲ ಹಿಡಿದು ಒಳಗೆ ತರುತ್ತಿದ್ದ. ಬಿದ್ದ ಒಂದೊಂದು ಹನಿಯೂ ಹಿಟ್ಟಿನೊಳಗೆ ಒಂದೊಂದು ಉಂಡೆ ಕಟ್ಟುತ್ತಿತ್ತು. ಒಣಗಿದ ಮೇಲೆ ಅವುಗಳನ್ನು ಆರಿಸಿ ಅಳೆಯುತ್ತಿದ್ದ. ಉಂಡೆಯ ಗಾತ್ರ ಹನಿಯ ಗಾತ್ರಕ್ಕೆ ಸರಿಹೊಂದುವುದೋ ಇಲ್ಲವೋ ಎಂಬ ಸಂದೇಹವನ್ನೂ ಅವನು ಉಳಿಸಿಕೊಳ್ಳಲಿಲ್ಲ. ಅಳತೆ ಗೊತ್ತಿದ್ದ ಹನಿಗಳನ್ನು ಎತ್ತರದಿಂದ ಹಿಟ್ಟಿಗೆ ಬೀಳಿಸಿ, ಎರಡೂ ಹೆಚ್ಚುಕಡಮೆ ಒಂದೇ ಎಂದು ಖಚಿತ ಮಾಡಿಕೊಂಡ. 1898ರಿಂದ 1904ರವರೆಗೆ ಸುಮಾರು ಎಪ್ಪತ್ತು ಮಳೆಗಳಿಂದ ಅಂಥ 344 ಮಾದರಿಗಳನ್ನು ಕೂಡಿಹಾಕಿದ. ದಿನ, ಹೊತ್ತು, ಮೋಡದ ಬಗೆ, ಮಿಂಚು ಇತ್ತೇ ಇಲ್ಲವೇ ಎಂಬುದೆಲ್ಲ ಅವನ ಪುಸ್ತಕದಲ್ಲಿ ದಾಖಲಾಗುತ್ತಿತ್ತು. ಹಾಲು ಕರೆಯುವ, ಹುಲ್ಲು ಕೊಯ್ಯುವ ಕೆಲಸಗಳ ನಡುವೆಯೇ ಇದೂ ನಡೆಯುತ್ತಿತ್ತು.

ಬೆಂಟ್ಲಿಯ ತಟ್ಟೆಯಲ್ಲಿದ್ದ ಹಿಟ್ಟಿನ ಉಂಡೆಗೂ ನಾನು ಕಿಟಕಿಯಿಂದಾಚೆ ಎಸೆದ ಬೂದಿಯ ಉಂಡೆಗೂ ಏನು ವ್ಯತ್ಯಾಸ? ದೊಡ್ಡ ಮಳೆಯದು ಬೇರೆ, ಸೋನೆಯದು ಬೇರೆ ಎಂದು ನನ್ನ ಹುಡುಗ ಹೇಳಹೊರಟಿದ್ದನಲ್ಲ; ಬೆಂಟ್ಲಿ 1904ರ ಅಕ್ಟೋಬರಿನಲ್ಲಿ ‘ಮಂತ್ಲಿ ವೆದರ್ ರಿವ್ಯೂ’ ಎಂಬ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದ ಬೀಜವೂ ಅದೇ. ಯಾವ ಮೋಡದಿಂದ ಎಂಥ ಹನಿ ಬೀಳುತ್ತದೆ ಎಂಬುದನ್ನು ಅವನು ಅಲ್ಲಿ ವಿಂಗಡಿಸಿ ತೋರಿಸಿದ. ಅತಿ ದೊಡ್ಡ ಹನಿಯೂ ಕಾಲು ಅಂಗುಲವನ್ನು ಮೀರುವುದಿಲ್ಲವೆಂದು ಕಂಡುಕೊಂಡ. ದೊಡ್ಡ ಹನಿಗಳು ಬಹುಮಟ್ಟಿಗೆ ಎತ್ತರದ ಮೋಡಗಳಲ್ಲಿ ಹಿಮವಾಗಿ ಹುಟ್ಟಿ, ಇಳಿಯುತ್ತ ಕರಗಿ ಹನಿಯಾಗುತ್ತವೆ. ತಗ್ಗಿನ ಮೋಡಗಳಲ್ಲಿ ಹಿಮದ ಹಂತವಿಲ್ಲದೆಯೇ ಸಣ್ಣ ಹನಿಗಳು ಹುಟ್ಟುತ್ತವೆ ಎಂದು ಊಹಿಸಿದ. ಮಳೆಯ ಹುಟ್ಟಿಗೆ ಎರಡು ದಾರಿಗಳಿವೆಯೆಂಬ ಈ ಊಹೆಯನ್ನು ಶಾಸ್ತ್ರಜ್ಞರು ಮೂರು ನಾಲ್ಕು ದಶಕಗಳ ಮೇಲೆ ತಾವಾಗಿಯೇ ಕಂಡುಕೊಂಡು ಒಪ್ಪಿದರು. ಅಷ್ಟು ಹೊತ್ತಿಗೆ ಬೆಂಟ್ಲಿಯ ಲೇಖನವನ್ನು ಎಲ್ಲರೂ ಮರೆತಿದ್ದರು. ಊರಿನವರ ಕಣ್ಣಿಗಂತೂ ಅವನು ಕೊನೆಯವರೆಗೂ ಒಬ್ಬ ವಿಚಿತ್ರ ಮನುಷ್ಯನಾಗಿಯೇ ಉಳಿದ. 1931ರಲ್ಲಿ ಅವನ ಹಿಮಹರಳಿನ ಚಿತ್ರಗಳ ದೊಡ್ಡ ಪುಸ್ತಕ ಹೊರಬಂದಿತು. ಅದೇ ಡಿಸೆಂಬರಿನಲ್ಲಿ ಹಿಮದ ಬಿರುಗಾಳಿಯಲ್ಲಿ ನಡೆದು ಮನೆಗೆ ಬಂದವನು ನ್ಯುಮೋನಿಯಾದಿಂದ ತೀರಿಕೊಂಡ.

1904ರಲ್ಲಿಯೇ ಜರ್ಮನಿಯ ಫಿಲಿಪ್ ಲೆನಾರ್ಡ್ ಎಂಬ ಭೌತವಿಜ್ಞಾನಿಯೂ ಮಳೆಹನಿಯ ಕುರಿತು ಒಂದು ಲೇಖನ ಪ್ರಕಟಿಸಿದ. ಕೆಳಗಿನಿಂದ ಮೇಲಕ್ಕೆ ಗಾಳಿ ಬೀಸುವ ಯಂತ್ರವನ್ನು ಮಾಡಿ, ಹನಿಯನ್ನು ಗಾಳಿಯಲ್ಲಿಯೇ ತೇಲಿಸಿ ಅದರ ಆಕಾರವನ್ನು ನೋಡಿದ. ನಾವು ಮೇಷ್ಟರುಗಳು ಕರಿಹಲಗೆಯ ಮೇಲೆ ಮಳೆಹನಿಯನ್ನು ಕಣ್ಣೀರಿನಂತೆ, ಮೇಲೆ ಚೂಪು ಕೆಳಗೆ ದಪ್ಪ ಮಾಡಿ ಬರೆಯುತ್ತೇವೆ. ಅದು ತಪ್ಪು. ಸಣ್ಣ ಹನಿ ಗುಂಡಗೆ ಇರುತ್ತದೆ. ಎರಡು ಮಿಲಿಮೀಟರ್ ದಾಟಿದ ಹನಿ ಗಾಳಿಯ ಒತ್ತಡಕ್ಕೆ ಅಡಿಯಲ್ಲಿ ಚಪ್ಪಟೆಯಾಗಿ, ಬೇಕರಿಯ ಬನ್ನಿನಂತೆ ಕಾಣುತ್ತದೆ. ಇನ್ನೂ ದೊಡ್ಡದಾದರೆ ಒಡೆದು ಚೂರಾಗುತ್ತದೆ. ಕಾಲು ಅಂಗುಲಕ್ಕಿಂತ ದೊಡ್ಡ ಹನಿ ಬೆಂಟ್ಲಿಗೆ ಸಿಗದಿದ್ದುದರ ಕಾರಣ ಇದೇ. ನಾನು ಎಷ್ಟು ಮಕ್ಕಳಿಗೆ ಕಣ್ಣೀರಿನ ಆಕಾರದ ಹನಿ ಬರೆದು ತೋರಿಸಿದ್ದೇನೋ, ಅವರೆಲ್ಲರೂ ಇಲ್ಲಿಯೇ ತಿದ್ದಿಕೊಳ್ಳಬೇಕು.

ಇಷ್ಟೆಲ್ಲ ತಿಳಿದು ಲೋಕಕ್ಕೇನು ಲಾಭ ಎಂದು ಕೇಳುವವರಿರುತ್ತಾರೆ. 1943ರಲ್ಲಿ ಅಮೆರಿಕದ ಮಣ್ಣು ಸಂರಕ್ಷಣೆಯ ಇಲಾಖೆಯಲ್ಲಿದ್ದ ಲಾಸ್ ಮತ್ತು ಪಾರ್ಸನ್ಸ್ ಎಂಬಿಬ್ಬರು ಅದೇ ಹಿಟ್ಟಿನ ತಟ್ಟೆಯನ್ನು ಮತ್ತೆ ಕೈಗೆತ್ತಿಕೊಂಡರು. ಮಳೆಯಲ್ಲಿ ಹೊಲದ ಮಣ್ಣು ಕೊಚ್ಚಿಹೋಗುವುದಕ್ಕೆ ಹರಿಯುವ ನೀರಿನಷ್ಟೇ ಬೀಳುವ ಹನಿಯ ಪೆಟ್ಟೂ ಕಾರಣವೆಂದು ತಿಳಿಯುತ್ತಿದ್ದ ಕಾಲ ಅದು. ಪೆಟ್ಟಿನ ಬಲ ತಿಳಿಯಬೇಕಾದರೆ ಹನಿಯ ಗಾತ್ರ ತಿಳಿಯಬೇಕಷ್ಟೆ. ಒಂದು ಮಿಲಿಮೀಟರಿನ ಹನಿ ಸೆಕೆಂಡಿಗೆ ಸುಮಾರು 4 ಮೀಟರ್ ವೇಗದಲ್ಲಿ ನೆಲ ಮುಟ್ಟಿದರೆ, ಐದು ಮಿಲಿಮೀಟರಿನದು ಸುಮಾರು 9 ಮೀಟರ್ ವೇಗದಲ್ಲಿ ಬಂದು ಅಪ್ಪಳಿಸುತ್ತದೆ. ಭಾರವಾದರೋ ನೂರಿಪ್ಪತ್ತೈದು ಪಟ್ಟು. 1948ರಲ್ಲಿ ಕೆನಡಾದ ಮಾರ್ಷಲ್ ಮತ್ತು ಪಾಮರ್ ಎಂಬುವರು ಬಣ್ಣ ಹಚ್ಚಿದ ಕಾಗದದ ಮೇಲೆ ಹನಿಗಳ ಕಲೆಗಳನ್ನು ಅಳೆದು, ಯಾವ ಮಳೆಯಲ್ಲಿ ಎಷ್ಟು ಗಾತ್ರದ ಹನಿಗಳು ಎಷ್ಟಿರುತ್ತವೆ ಎಂಬುದಕ್ಕೆ ಒಂದು ಸೂತ್ರ ಕೊಟ್ಟರು. ರೇಡಾರಿನ ತೆರೆಯ ಮೇಲೆ ಕಾಣುವ ಮೋಡ ಎಷ್ಟು ಮಳೆ ಸುರಿಸುತ್ತಿದೆಯೆಂದು ಲೆಕ್ಕ ಹಾಕುವ ವಿದ್ಯೆಗೆ ಆ ಸೂತ್ರ ಅಡಿಗಲ್ಲಾಯಿತು.

ನಮ್ಮ ಮಲೆನಾಡಿನ ಹಿರಿಯರಿಗೆ ಹನಿಯ ಪೆಟ್ಟಿನ ಅರಿವು ಪುಸ್ತಕದಿಂದ ಬಂದದ್ದಲ್ಲ. ಮಳೆಗಾಲಕ್ಕೆ ಮುಂಚೆ ಅಡಿಕೆ ಸೋಗೆಯ ತಟ್ಟಿ ಕಟ್ಟಿ, ಮಣ್ಣಿನ ಗೋಡೆಗೆ ಇರಚಲು ಹೊಡೆಯದಂತೆ ಕಾಪಾಡುತ್ತಿದ್ದರು. ಸೊಪ್ಪಿನಬೆಟ್ಟದಿಂದ ಸೊಪ್ಪು ತಂದು ತೋಟದ ನೆಲಕ್ಕೆ ಹೊದೆಸುತ್ತಿದ್ದರು. ಸೊಪ್ಪು ಗೊಬ್ಬರವೂ ಹೌದು, ನೆಲದ ಕೊಪ್ಪೆಯೂ ಹೌದು. ಸೂರಿನಡಿಯ ಗುಳಿಗಳನ್ನು ನೋಡಿ ಬೆಳೆದವರಿಗೆ, ಹನಿಯೊಂದು ನೆಲವನ್ನು ಏನು ಮಾಡಬಲ್ಲುದೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇನ್ನು ಮೌರ್ಯರ ವಿಷಯ. ಅಂದು ಹುಡುಗನನ್ನು ಹೊರಗೆ ನಿಲ್ಲಿಸಿ ನಾನು ಯಾವ ಕೌಟಿಲ್ಯನ ಪಾಠವನ್ನು ಮುಂದುವರಿಸಿದೆನೋ, ಆ ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲಿಯೇ ಮಳೆಯನ್ನು ಅಳೆಯುವ ಮಾತಿದೆ. ರಾಜ್ಯದ ಉಗ್ರಾಣದ ಮುಂದೆ ಒಂದು ಅರತ್ನಿ, ಎಂದರೆ ಹೆಚ್ಚುಕಡಮೆ ಒಂದು ಮೊಳ, ಬಾಯಗಲದ ಪಾತ್ರೆಯನ್ನಿಟ್ಟು ಮಳೆಯನ್ನು ಅಳೆಯಬೇಕೆಂದು ಅದು ವಿಧಿಸುತ್ತದೆ. ಒಣಭೂಮಿಗೆ ಹದಿನಾರು ದ್ರೋಣ, ತೇವದ ನಾಡಿಗೆ ಅದರ ಒಂದೂವರೆ ಪಟ್ಟು, ಅಶ್ಮಕ ದೇಶಕ್ಕೆ ಹದಿಮೂರೂವರೆ, ಅವಂತಿಗೆ ಇಪ್ಪತ್ತಮೂರು ದ್ರೋಣ ಎಂದು ನಾಡುನಾಡಿನ ಮಳೆಯನ್ನು ಪಟ್ಟಿ ಮಾಡುತ್ತದೆ. ಮಳೆಗಾಲದ ಮೊದಲ ಮತ್ತು ಕೊನೆಯ ತಿಂಗಳುಗಳಲ್ಲಿ ಮೂರರಲ್ಲಿ ಒಂದು ಪಾಲು, ನಡುವಣ ಎರಡು ತಿಂಗಳುಗಳಲ್ಲಿ ಉಳಿದ ಎರಡು ಪಾಲು ಬಿದ್ದರೆ ಅದು ಹದವಾದ ಮಳೆ ಎನ್ನುತ್ತದೆ. ಅಪರಾಂತಕ್ಕೆ, ಎಂದರೆ ಪಡುವಣ ಕರಾವಳಿಗೆ ಬಂದಾಗ ಮಾತ್ರ ಲೆಕ್ಕವನ್ನು ಕೈಬಿಟ್ಟು, ಅಲ್ಲಿನ ಮಳೆಗೆ ಮಿತಿಯಿಲ್ಲ ಎಂದುಬಿಡುತ್ತದೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ಆಗುಂಬೆಯ ಆಸುಪಾಸಿನಲ್ಲಿ ಹುಟ್ಟಿದ ನಮಗೆ ಆ ಮಾತು ಓದಿ ನಗು ಬರುವುದು ಸಹಜ. ಘಟ್ಟದ ಸೆರಗಿನ ಮಳೆಯ ಮುಂದೆ ಅರ್ಥಶಾಸ್ತ್ರವೂ ಕೈಚೆಲ್ಲಿದೆ!

ಈ ಗ್ರಂಥ ಮತ್ತೆ ಬೆಳಕಿಗೆ ಬಂದದ್ದು ಮೈಸೂರಿನಲ್ಲಿ ಎಂಬುದು ನಾವು ಮರೆಯಬಾರದ ಸಂಗತಿ. ತಂಜಾವೂರು ಸೀಮೆಯ ಪಂಡಿತರೊಬ್ಬರು ಓರಿಯಂಟಲ್ ಲೈಬ್ರರಿಗೆ ಒಪ್ಪಿಸಿದ ತಾಳೆಗರಿಯ ಕಟ್ಟಿನಲ್ಲಿ, 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಇದನ್ನು ಗುರುತಿಸಿದರು. 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ವರ್ಮಾಂಟಿನ ರೈತನ ಮಳೆಯ ಲೇಖನ ಅಚ್ಚಾದ ಮರುವರ್ಷವೇ, ಎರಡು ಸಾವಿರ ವರ್ಷಗಳಷ್ಟು ಹಿಂದಿನ ಮಳೆಯ ಪಾತ್ರೆಯೊಂದು ಮೈಸೂರಿನ ಗ್ರಂಥಾಲಯದಲ್ಲಿ ಮತ್ತೆ ಕಣ್ಣು ತೆರೆದಂತಾಯಿತು. ಎರಡಕ್ಕೂ ಯಾವ ಸಂಬಂಧವೂ ಇಲ್ಲ. ಆದರೂ ಇತಿಹಾಸದ ಮೇಷ್ಟರಿಗೆ ಇಸವಿಗಳು ಹೀಗೆ ಅಕ್ಕಪಕ್ಕ ಬಂದು ಕುಳಿತರೆ ಸಂತೋಷವಾಗುತ್ತದೆ.

ಕೊರಿಯಾದಲ್ಲಿಯೂ ಇಂಥದೊಂದು ಕಥೆಯಿದೆ. ಸೆಜೊಂಗ್ ಎಂಬ ದೊರೆಯ ಕಾಲದಲ್ಲಿ ಮಳೆ ಬಂದಾಗಲೆಲ್ಲ ನೆಲವನ್ನು ಅಗೆದು, ತೇವ ಎಷ್ಟು ಆಳಕ್ಕೆ ಇಳಿದಿದೆಯೆಂದು ನೋಡುವ ರೂಢಿಯಿತ್ತು. ಬರದ ಚಿಂತೆ ಹತ್ತಿದ ಯುವರಾಜ ಹಾಗೆಯೇ ಅಗೆದು ನೋಡುತ್ತಿದ್ದನಂತೆ. ಮಣ್ಣು ಮೊದಲೇ ಒದ್ದೆಯಾಗಿದ್ದರೆ ಲೆಕ್ಕ ತಪ್ಪುತ್ತದೆಯೆಂದು ಕಂಡು, 1441ರಲ್ಲಿ ಅರಮನೆಯ ಅಂಗಳದಲ್ಲಿ ಒಂದು ಪಾತ್ರೆಯನ್ನಿಟ್ಟು ಅದರಲ್ಲಿ ನಿಂತ ನೀರನ್ನು ಅಳೆದ. ಮರುವರ್ಷ ಒಂದೇ ಅಳತೆಯ ಪಾತ್ರೆಗಳು ಪ್ರಾಂತ ಪ್ರಾಂತಗಳಿಗೆ ಹೋದವು.

ನನ್ನ ತಾಯಿಯ ಅಳತೆ ಅಂಗಳದ ಒರಳುಕಲ್ಲು. ರಾತ್ರಿ ಸುರಿದ ಮಳೆಗೆ ಒರಳು ತುಂಬಿತೇ, ಅರ್ಧವಾಯಿತೇ ಎಂದು ಬೆಳಿಗ್ಗೆ ಎದ್ದವಳೇ ನೋಡುತ್ತಿದ್ದಳು. “ಆರಿದ್ರೆ ಈ ಸಲ ಮೂರು ಒರಳು ಹೊಯ್ತು” ಎಂಬುದು ಅವಳ ವರದಿ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಇರುವ ಹದಿಮೂರು ಹದಿನಾಲ್ಕು ದಿನಗಳನ್ನು ಒಂದೊಂದು ಮಳೆಯೆಂದು ಕರೆದು, ಭರಣಿ ಹೊಯ್ದರೆ ಧರಣಿ ಬೆಳೆಯುತ್ತದೆ ಎಂಬಂತಹ ಗಾದೆಗಳಲ್ಲಿ ಅನುಭವವನ್ನು ಕಟ್ಟಿಟ್ಟ ಜನ ಅವರು. ಬೆಂಗಳೂರಿನಲ್ಲಿ 1892ರಲ್ಲಿ, ಸೆಂಟ್ರಲ್ ಕಾಲೇಜಿನ ಜಾನ್ ಕುಕ್ ಅವರ ಮುಂದಾಳುತನದಲ್ಲಿ ಹವಾಮಾನದ ವೀಕ್ಷಣಾಲಯ ತೆರೆಯಿತು. ಇಂದು ಗ್ರಾಮ ಪಂಚಾಯಿತಿಗಳಲ್ಲಿ ತಾನಾಗಿಯೇ ಲೆಕ್ಕ ಕಳಿಸುವ ಮಳೆಮಾಪಕಗಳಿವೆ. ಆದರೂ ಮಲೆನಾಡಿನ, ಕೊಡಗಿನ ಕಾಫಿ ಬೆಳೆಗಾರರು ದಿನಚರಿ ತೆರೆದು, ರಾತ್ರಿಯ ಮಳೆಯನ್ನು ಇಂಚು ಸೆಂಟುಗಳಲ್ಲಿ ಬರೆದಿಡುವುದನ್ನು ಬಿಟ್ಟಿಲ್ಲ. ಅಗತ್ಯಕ್ಕಾಗಿ ಎನ್ನುತ್ತಾರೆ; ಅದರಲ್ಲೊಂದು ಸುಖವೂ ಇದೆಯೆಂದು ನನ್ನ ಅನುಮಾನ.

ಇಂದಿನ ಬೆಳಗಿನ ಉಳಿದ ಸಣ್ಣ ಸಂತೋಷಗಳಿಗೂ ಇಂಥದೇ ಚರಿತ್ರೆಯಿದೆ. ನೀರು ಅಂಟದ ಎಲೆಯನ್ನು ನಾವು ಎಷ್ಟು ತಲೆಮಾರುಗಳಿಂದ ನೋಡಿದ್ದೇವೆ! ಸಂಸಾರದಲ್ಲಿದ್ದೂ ಅಂಟಿಕೊಳ್ಳದವನಿಗೆ ತಾವರೆಯ ಎಲೆಯ ಹೋಲಿಕೆ ಕೊಡುವುದು ನಮ್ಮಲ್ಲಿ ಬಲು ಹಳೆಯದು. ಜರ್ಮನಿಯ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಬಾರ್ತ್‌ಲಾಟ್ ಅವರಿಗೆ, ಎಲೆಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುವಾಗ, ಕೆಲವು ಎಲೆಗಳನ್ನು ಮಾತ್ರ ತೊಳೆಯುವ ಅಗತ್ಯವೇ ಬೀಳುತ್ತಿರಲಿಲ್ಲ. ಏಕೆಂದು ಬೆನ್ನುಹತ್ತಿದರು. ಎಲೆಯ ಮೇಲೆ ಕಣ್ಣಿಗೆ ಕಾಣದ ಮೇಣದ ಮೊಡವೆಗಳಿವೆ, ಹನಿ ಅವುಗಳ ತುದಿಯ ಮೇಲೆ ಮಾತ್ರ ನಿಂತು, ಉರುಳುವಾಗ ಧೂಳನ್ನು ಎತ್ತಿಕೊಂಡು ಹೋಗುತ್ತದೆ ಎಂಬುದನ್ನು 1997ರಲ್ಲಿ ನೈನ್‌ಹೂಯಿಸ್ ಅವರೊಡನೆ ವಿವರವಾಗಿ ಪ್ರಕಟಿಸಿದರು. ಅವರು ಪರೀಕ್ಷಿಸಿದ ಎಲೆಗಳಲ್ಲಿ ತಾವರೆಯೊಂದಿಗೆ ನಮ್ಮ ಕೆಸುವೂ ಇತ್ತು. ತಾನಾಗಿ ಶುಚಿಯಾಗುವ ಗೋಡೆಯ ಬಣ್ಣಗಳು ಈ ತಿಳಿವಳಿಕೆಯಿಂದ ಬಂದವು. ನಮಗೆ ಕೆಸುವಿನಿಂದ ಬಂದದ್ದು ಪತ್ರೊಡೆ. ಅದನ್ನೂ ನಾನು ಕಡಮೆಯೆಂದು ಹೇಳುವವನಲ್ಲ.

ಮೊದಲ ಮಳೆಯ ಮಣ್ಣಿನ ವಾಸನೆಗೆ 1964ರಲ್ಲಿ ಆಸ್ಟ್ರೇಲಿಯಾದ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ‘ಪೆಟ್ರಿಕೋರ್’ ಎಂಬ ಹೆಸರಿಟ್ಟರು. ಉತ್ತರಪ್ರದೇಶದ ಕನೌಜಿನ ಅತ್ತರು ಮಾಡುವವರು ಅದಕ್ಕೂ ಬಹಳ ಮುಂಚೆ, ಸುಟ್ಟ ಮಣ್ಣನ್ನು ತಾಮ್ರದ ಹಂಡೆಯಲ್ಲಿ ನೀರಿನೊಡನೆ ಕಾಯಿಸಿ, ಆ ಕಂಪನ್ನು ಗಂಧದೆಣ್ಣೆಯಲ್ಲಿ ಹಿಡಿದು ಸೀಸೆಗೆ ತುಂಬುತ್ತಿದ್ದರು. ಇದನ್ನು ಆ ವಿಜ್ಞಾನಿಗಳೂ ತಮ್ಮ ಲೇಖನದಲ್ಲಿ ನೆನೆದಿದ್ದಾರೆ. ಹನಿ ಬಿದ್ದೊಡನೆ ಆ ವಾಸನೆ ಗಾಳಿಗೆ ಏರುವುದು ಹೇಗೆಂಬುದು 2015ರಲ್ಲಿ ಅತಿವೇಗದ ಕ್ಯಾಮೆರಾಗಳಿಂದ ತಿಳಿಯಿತು. ಮಣ್ಣಿಗೆ ಬಿದ್ದ ಹನಿಯೊಳಗೆ ನವಿರಾದ ಗುಳ್ಳೆಗಳೆದ್ದು, ಮೇಲೆ ಬಂದು ಒಡೆದು, ಕಂಪಿನ ಕಣಗಳನ್ನು ಸಿಡಿಸುತ್ತವೆ. ಮೊದಲು ಸುಖಪಟ್ಟವರು, ಆಮೇಲೆ ನಿಂತು ನೋಡಿದವರು, ಕೊನೆಗೆ ಅಳೆದವರು; ಎಲ್ಲ ಕಡೆಯೂ ಇದೇ ಕ್ರಮ. ಮೊದಲನೆಯ ಮೆಟ್ಟಿಲಿನಲ್ಲಿದ್ದ ಮಗುವನ್ನು ಅಲ್ಲಿಂದಲೇ ಕೆಳಗೆ ದಬ್ಬಿದರೆ ಮೇಲಿನವುಗಳಿಗೆ ಅದು ಹತ್ತುವುದೆಂತು?

ಆ ಹುಡುಗನ ವಿಷಯ ಹೇಳಿ ಮುಗಿಸುತ್ತೇನೆ. ಅವನು ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿ ತೋಟ ನೋಡಿಕೊಂಡ. 2011ರಲ್ಲಿ ಒಂದು ಮದುವೆಯ ಮನೆಯಲ್ಲಿ ಸಿಕ್ಕಿದ. ಊಟವಾದ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಬೆಂಟ್ಲಿಯ ಕಥೆಯನ್ನೆಲ್ಲ ಹೇಳಿ, ಬೆಂಕಿಪೊಟ್ಟಣದ ಮಾತೆತ್ತಿ, “ತಪ್ಪಾಯಿತಪ್ಪ” ಎಂದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, “ಬೆಂಕಿಪೊಟ್ಟಣ ಗೊತ್ತಿಲ್ಲ ಸಾರ್. ಹೊರಗೆ ನಿಲ್ಲಿಸಿದ್ದು ನೆನಪಿದೆ. ಇರಚಲು ಹೊಡೀತಿತ್ತು” ಎಂದ. ಅವನಲ್ಲಿ ಸಿಟ್ಟಿರಲಿಲ್ಲ. ನಕ್ಕು ಎಲೆಯಡಿಕೆ ತಟ್ಟೆಯನ್ನು ನನ್ನ ಕಡೆಗೆ ಸರಿಸಿದ. ಆದರೆ ಆ ಉತ್ತರ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಸಂತೋಷ ಅಳಿಸಿಹೋಗಿ ಶಿಕ್ಷೆ ಮಾತ್ರ ಉಳಿದಿತ್ತು. ಅಳಿಸಿದವನು ನಾನು. ಮೂವತ್ತೈದು ವರ್ಷಗಳ ವೃತ್ತಿಯಲ್ಲಿ ಇಂಥವು ಇನ್ನೆಷ್ಟೋ! ಓದುತ್ತಿರುವ ನಿಮ್ಮಲ್ಲಿ ಯಾರದಾದರೂ ಇದ್ದರೆ, ಅವರಿಗೂ ಇದೇ ಮಾತು.

ಇಂದು ಬೆಳಿಗ್ಗೆ ಕಾಫಿ ಮುಗಿಸಿದವನೇ ಅಡಿಗೆಮನೆಗೆ ಹೋಗಿ ಒಂದು ತಟ್ಟೆಯಲ್ಲಿ ಅಕ್ಕಿ ಹಿಟ್ಟು ಹರಡಿ ತಂದೆ. ಜಿನುಗು ಮಳೆಯಲ್ಲಿ ಮೂರು ಎಣಿಸುವಷ್ಟು ಹೊತ್ತು ಹಿಡಿದೆ. ಒಂದು ಗಂಟೆಯ ಮೇಲೆ ಮಳೆ ಮತ್ತೆ ಜೋರಾದಾಗ ಇನ್ನೊಂದು ತಟ್ಟೆ ಹಿಡಿದೆ. ಒಣಗಲು ಬಿಟ್ಟು ಜರಡಿ ಹಿಡಿದಾಗ ಮೊದಲನೆಯದರಲ್ಲಿ ಗಸಗಸೆಯಷ್ಟು ಕಾಳುಗಳು. ಎರಡನೆಯದರಲ್ಲಿ ಬಹಳಷ್ಟು ಸಾಸಿವೆ, ನಾಲ್ಕೈದು ಕೊತ್ತಂಬರಿ ಬೀಜ. ದೊಡ್ಡ ಮಳೆಯದು ಬೇರೆ, ಸೋನೆಯದು ಬೇರೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನ್ನ ಹೆಂಡತಿ, “ಏನ್ರೀ, ಈ ವಯಸ್ಸಿನಲ್ಲಿ ಮಳೆಯಲ್ಲಿ ಹಿಟ್ಟು ನೆನೆಸ್ತಾ ನಿಂತಿದೀರಲ್ಲ, ನಿಮ್ಮನ್ನೂ ಕ್ಲಾಸಿನ ಹೊರಗೆ ನಿಲ್ಲಿಸಬೇಕು” ಎಂದಳು. ಅವಳಿಗೆ ಕಥೆಯೆಲ್ಲ ಗೊತ್ತು.

ಕಾಳುಗಳನ್ನು ಒಂದು ಖಾಲಿ ಬೆಂಕಿಪೊಟ್ಟಣದಲ್ಲಿ ಹಾಕಿ ಮೇಜಿನ ಮೇಲಿಟ್ಟಿದ್ದೇನೆ. ಅವನ ಊರು ಇಲ್ಲಿಗೆ ನಾಲ್ಕು ಮೈಲಿ. ಮಳೆ ಹೊಳವಾದ ದಿನ ಹೋಗಿ ಕೊಟ್ಟು ಬರಬೇಕೆಂದಿದ್ದೇನೆ. ಅವನು ನಕ್ಕರೆ ನಗಲಿ.